ಫ್ರಾನ್ಸಿನ ದಾರಿಗೆ ತುಮಕೂರಿನಲ್ಲಿ ಕುಳಿತು ಹಾಕಿದ ಲೆಕ್ಕ

ಕಳೆದ ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ, ಹಳೆಯ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಫ್ರಾನ್ಸಿನ ನಕ್ಷೆಯನ್ನು ಕೈಯಿಂದಲೇ ಬರೆದುಕೊಂಡು, ಪ್ಯಾರಿಸ್‌ನಿಂದ ಹೊರಟು ಮೋಂ ಸೇಂ ಮಿಶೆಲ್, ಬೋರ್ಡೊ, ಕಾರ್ಕಸೋನ್, ನೀಸ್, ಶಾಮೋನಿ, ಸ್ಟ್ರಾಸ್‌ಬೂರ್ ಸುತ್ತಿ ಮತ್ತೆ ಪ್ಯಾರಿಸ್‌ಗೆ ಬಂದು ಸೇರುವ ಒಂದು ದೊಡ್ಡ ಸುತ್ತನ್ನು ಕೆಂಪು ಶಾಯಿಯಲ್ಲಿ ಎಳೆದೆ. ಊರಿಂದೂರಿಗೆ ಇರುವ ದೂರವನ್ನು ಕೂಡಿಸಿದಾಗ ಸುಮಾರು 3,000 ಕಿ.ಮೀ. ಬಂತು. ಹದಿನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರ್. ಅಂದರೆ ತುಮಕೂರಿನಿಂದ ಶಿವಮೊಗ್ಗಕ್ಕೆ ಹೋದಷ್ಟು. ಅಷ್ಟೇ ತಾನೆ ಎಂದು ನನಗೂ ನಮ್ಮ ಯಜಮಾನರಿಗೂ ಅನ್ನಿಸಿತು. ಪಕ್ಕದಲ್ಲಿ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆಯವರು ಹಾಳೆಯನ್ನೊಮ್ಮೆ ನೋಡಿ, "ದಿನಾ ದಿನಾ ಶಿವಮೊಗ್ಗಕ್ಕೆ ಹೋಗ್ಬೇಕೇನಮ್ಮ? ಕಾಲು ನೀಡ್ಕೊಂಡು ಕೂತ್ಕೊಳ್ಳೋದು ಯಾವತ್ತು?" ಎಂದು ಕೇಳಿದರು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಸಂಕ್ರಾಂತಿ ಕಳೆದಿರುವ ಈ ಹೊತ್ತಿಗೆ ಆ ಹಾಳೆಯ ಮೇಲೆ ಆ ಸುತ್ತೂ ಇಲ್ಲ, ಆ ಏಳು ಊರುಗಳಲ್ಲಿ ಪ್ಯಾರಿಸ್ ಬಿಟ್ಟು ಬೇರೆ ಯಾವುದೂ ಉಳಿದಿಲ್ಲ. ಬರುವ ಮೇ ತಿಂಗಳಿನಲ್ಲಿ ನಾವು ಐವರು ಹೊರಡುತ್ತೇವೆ: ಎಪ್ಪತ್ತೆರಡು ವರ್ಷದ, ಮಂಡಿನೋವಿನ ಅತ್ತೆಯವರು, ಗುಬ್ಬಿ ತಾಲ್ಲೂಕಿನಲ್ಲಿ ತೆಂಗು ಅಡಿಕೆ ತೋಟ ನೋಡಿಕೊಳ್ಳುವ ನಮ್ಮ ಯಜಮಾನರು, ಪಾಠ ಹೇಳುವ ಕೆಲಸದ ನಾನು, ಪಿಯುಸಿ ಓದುತ್ತಿರುವ ಮಗಳು, ಎಂಟು ವರ್ಷದ ಮಗ. ಇಷ್ಟು ಜನ ಒಂದು ಕಾರಿನಲ್ಲಿ ಕುಳಿತು ಹೊರದೇಶದ ರಸ್ತೆಯಲ್ಲಿ ಹೋಗುವುದಕ್ಕೆ ಆರು ತಿಂಗಳು ಹೇಗೆ ಸಿದ್ಧತೆ ಮಾಡಿಕೊಂಡೆವು ಎಂಬುದನ್ನು, ನಮ್ಮಂತೆಯೇ ಹೊರಡಬೇಕೆಂದಿರುವವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ದೂರವನ್ನು ಕಿಲೋಮೀಟರಿನಲ್ಲಿ ಅಳೆದದ್ದು ನನ್ನ ಮೊದಲ ತಪ್ಪು. ಇದೇ ತಪ್ಪನ್ನು ಮೂರು ವರ್ಷದ ಹಿಂದೆಯೂ ಮಾಡಿದ್ದೆ. ಒಂದೇ ದಿನದಲ್ಲಿ ತುಮಕೂರಿನಿಂದ ಮುರುಡೇಶ್ವರ ತಲುಪಬೇಕೆಂದು ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಸೇರಿದಾಗ, ಘಟ್ಟದ ತಿರುವುಗಳಲ್ಲಿ ಮಗ ಮೂರು ಬಾರಿ ವಾಂತಿ ಮಾಡಿಕೊಂಡಿದ್ದ, ಅತ್ತೆಯವರ ಪಾದಗಳು ಊದಿಕೊಂಡಿದ್ದವು, ಮರುದಿನ ಮಧ್ಯಾಹ್ನದವರೆಗೆ ಯಾರೂ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಫ್ರಾನ್ಸಿನ ಹೆದ್ದಾರಿಗಳು ಇದಕ್ಕಿಂತ ಹೆಚ್ಚು ಮೋಸಗೊಳಿಸುತ್ತವೆ, ಏಕೆಂದರೆ ಅವು ನಿಜಕ್ಕೂ ಚೆನ್ನಾಗಿವೆ. ಅಲ್ಲಿನ ಆಟೋರೂಟ್ ಎಂಬ ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ. ವೇಗಕ್ಕೆ ಅವಕಾಶವಿರುವುದರಿಂದ ಇನ್ನೂರು ಕಿಲೋಮೀಟರ್ ಎರಡು ಗಂಟೆಯೊಳಗೆ ಮುಗಿಯುತ್ತದೆ; ಹಾಗೆ ಮುಗಿಯುತ್ತದೆ ಎಂದು ಗೊತ್ತಾದ ಕೂಡಲೇ ಇನ್ನೊಂದು ಊರು ಸೇರಿಸೋಣ ಎಂಬ ಆಸೆ ಹುಟ್ಟುತ್ತದೆ. ಆದರೆ ಮನೆಮಂದಿ ದಣಿಯುವುದು ರಸ್ತೆಯಿಂದ ಮಾತ್ರವೇ? ದಿನವೂ ಬೆಳಿಗ್ಗೆ ಐದು ಜನರ ಬಟ್ಟೆಬರೆ ತುಂಬಿ, ಕಾರಿಗೇರಿಸಿ, ಸಂಜೆ ಗುರುತಿಲ್ಲದ ಬೀದಿಯಲ್ಲಿ ಮನೆ ಹುಡುಕಿ, ಮತ್ತೆ ಮೆಟ್ಟಿಲ ಮೇಲೆ ಸಾಗಿಸಿ, ಮಾತ್ರೆಯ ಡಬ್ಬಿ ಯಾವ ಚೀಲದಲ್ಲಿದೆ ಎಂದು ತಡಕುವ ಕೆಲಸ ನಕ್ಷೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಆದ್ದರಿಂದ ದಸರಾ ರಜೆಯಲ್ಲಿ ಒಂದು ಪರೀಕ್ಷೆ ಮಾಡಿದೆವು. ಬೇಗ ತಲುಪುವ ಉದ್ದೇಶವನ್ನು ಪೂರ್ತಿ ಬದಿಗಿಟ್ಟು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋದೆವು. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲಿಸಲು ಹೇಳಿದರು ಎಂಬುದನ್ನು ಮಗಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದಳು. ಅತ್ತೆಯವರು ಒಂದೂವರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಲೇಬೇಕು. ಬಾಯಿ ಬಿಟ್ಟು ಕೇಳದಿದ್ದರೂ ಅವರು ಸೀಟಿನಲ್ಲಿ ಸರಿದು ಕೂರುವುದನ್ನು ಮಗಳು ಗಮನಿಸಿ ಬರೆದಿದ್ದಳು. ಮಗನಿಗೆ ಊಟವಾದ ಮೇಲೆ ತಿರುವಿನ ರಸ್ತೆ ಆಗದು, ನೇರ ರಸ್ತೆಯಾದರೆ ನಿದ್ದೆ ಮಾಡುತ್ತಾನೆ. ನಮ್ಮ ಯಜಮಾನರು ಕೆರೆ ಕಂಡಲ್ಲೆಲ್ಲ ನಿಲ್ಲಿಸುತ್ತಾರೆ. ನನಗೆ ಮೂರು ಗಂಟೆ ಓಡಿಸಿದ ಮೇಲೆ ಫಲಕ ಓದುವ ಚುರುಕು ಕಡಿಮೆಯಾಗುತ್ತದೆ. ಆ ನೋಟ್‌ಬುಕ್ಕಿನ ಎರಡು ಪುಟವೇ ನಮ್ಮ ನಿಜವಾದ ನಕ್ಷೆಯಾಯಿತು. ಅದರಿಂದ ಎರಡು ನಿಯಮ ಮಾಡಿಕೊಂಡೆವು: ಒಂದು ದಿನದಲ್ಲಿ ಮೂರೂವರೆ ಗಂಟೆಗಿಂತ ಹೆಚ್ಚು ಕಾರು ಓಡಿಸಬಾರದು, ಊರು ಬದಲಾಯಿಸುವ ದಿನಗಳು ಒಂದರ ಹಿಂದೊಂದು ಬರಬಾರದು.

ಈ ನಿಯಮಗಳನ್ನು ಹಿಡಿದು ಕೆಂಪು ಶಾಯಿಯ ಸುತ್ತನ್ನು ನೋಡಿದಾಗ ಅದು ತಾನಾಗಿಯೇ ಕುಸಿಯಿತು. ಫ್ರಾನ್ಸ್ ಎಂದರೆ ನಮ್ಮ ಕರ್ನಾಟಕದಂಥ ಸುಮಾರು ಮೂರು ರಾಜ್ಯಗಳ ವಿಸ್ತೀರ್ಣ. ಅದನ್ನು ಒಂದು ರಜೆಯಲ್ಲಿ ಸುತ್ತಿ ಮುಗಿಸುತ್ತೇವೆ ಎನ್ನುವುದು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲವನ್ನೂ ಒಂದೇ ವಾರದಲ್ಲಿ ನೋಡಿದೆವು ಎಂದಂತೆ.

ಇನ್ನೊಂದು ಮಾತು ಋತುವಿನದು. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತದೆ. ಅಲ್ಲಿಯ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ನಮ್ಮ ಬೇಸಿಗೆ ಎಂದರೆ ಅವರ ವಸಂತ. ಇದರಿಂದ ದೊಡ್ಡ ಲಾಭವಿದೆ. ಜುಲೈ ಕೊನೆಯ ಮತ್ತು ಆಗಸ್ಟ್ ಮೊದಲ ಶನಿವಾರಗಳಲ್ಲಿ ಇಡೀ ದೇಶವೇ ದಕ್ಷಿಣದ ಕಡಲಿನತ್ತ ಹೊರಡುವುದರಿಂದ, ರಸ್ತೆಯ ದಟ್ಟಣೆಯನ್ನು ಮುಂಚಿತವಾಗಿ ತಿಳಿಸುವ ಬಿಸೋನ್ ಫ್ಯುತೆ ಎಂಬ ಸರ್ಕಾರಿ ಸೇವೆಯು ದಿನಗಳಿಗೆ ಹಸಿರು, ಕಿತ್ತಳೆ, ಕೆಂಪು, ಕಪ್ಪು ಬಣ್ಣ ಕೊಡುತ್ತದೆ. ಕಪ್ಪು ಎಂದರೆ ಆ ದಿನ ಹೊರಡದಿರುವುದೇ ಒಳ್ಳೆಯದು. ಮೇ ತಿಂಗಳಿನಲ್ಲಿ ಅಷ್ಟು ನೂಕುನುಗ್ಗಲಿಲ್ಲ. ಆದರೂ ಮೇ 1 ಕಾರ್ಮಿಕರ ದಿನ, ಮೇ 8 ಎರಡನೇ ಮಹಾಯುದ್ಧ ಮುಗಿದ ದಿನ, ಅಲ್ಲದೆ ಈಸ್ಟರ್ ಕಳೆದು ಆರನೇ ವಾರದ ಗುರುವಾರ ಬರುವ ಕ್ರೈಸ್ತ ಹಬ್ಬ, ಹೀಗೆ ರಜೆಗಳು ಒತ್ತೊತ್ತಾಗಿ ಬರುತ್ತವೆ. ಗುರುವಾರದ ರಜೆಗೆ ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನ ಮಾಡಿಕೊಳ್ಳುವುದನ್ನು ಅವರು 'ಸೇತುವೆ' ಕಟ್ಟುವುದು ಎನ್ನುತ್ತಾರೆ. ಆ ಬುಧವಾರ ಸಂಜೆ ಮತ್ತು ಭಾನುವಾರ ಸಂಜೆ ನಾವು ರಸ್ತೆಯಲ್ಲಿ ಇರದಂತೆ ದಿನಗಳನ್ನು ಹೊಂದಿಸಿದ್ದೇನೆ. ಮೇ 1ರಂದು ಅಂಗಡಿ, ವಸ್ತುಸಂಗ್ರಹಾಲಯಗಳೆಲ್ಲ ಬಹುತೇಕ ಮುಚ್ಚಿರುತ್ತವೆಯಾದ್ದರಿಂದ ಅದು ಕಳೆದ ಮೇಲೆಯೇ ವಿಮಾನ ಹತ್ತುತ್ತೇವೆ.

ಋತುವಿನ ಲೆಕ್ಕದಲ್ಲಿ ನಷ್ಟವೂ ಇದೆ, ಅದನ್ನು ಮಗಳಿಗೆ ಹೇಳುವುದು ಕಷ್ಟವಾಯಿತು. ಪ್ರೊವಾನ್ಸ್ ಪ್ರಾಂತ್ಯದ ನೇರಳೆ ಬಣ್ಣದ ಲ್ಯಾವೆಂಡರ್ ಹೊಲಗಳ ಚಿತ್ರವನ್ನು ಅವಳು ವರ್ಷದಿಂದ ಓದುವ ಮೇಜಿನ ಮೇಲೆ ಅಂಟಿಸಿಕೊಂಡಿದ್ದಳು. ಆ ಹೂವು ಅರಳುವುದು ಜೂನ್ ಮಧ್ಯದಿಂದ ಜುಲೈವರೆಗೆ. ಮೇ ತಿಂಗಳಲ್ಲಿ ಸಾಲು ಸಾಲು ಬೂದುಹಸಿರು ಗಿಡ ಮಾತ್ರ. ಹಾಗೆಯೇ ಆಲ್ಪ್ಸ್ ಪರ್ವತದ 2,642 ಮೀಟರ್ ಎತ್ತರದ ಗಾಲಿಬಿಯೆಯಂಥ ಕಣಿವೆದಾರಿಗಳು ಹಿಮ ತೆಗೆದು ವಾಹನಗಳಿಗೆ ತೆರೆಯುವ ಹೊತ್ತಿಗೆ ಮೇ ಕೊನೆ ಅಥವಾ ಜೂನ್ ಆಗುತ್ತದೆ. ಅವೆರಡನ್ನೂ ಬಿಟ್ಟೆವು. ಮಗಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾನೇ ನಕ್ಷೆ ಹಿಡಿದು ಬಂದು, ಹಾಗಾದರೆ ಬೆಂಕಿಬೆಟ್ಟಗಳನ್ನು ನೋಡಬೇಕು ಎಂದಳು. ಅವಳ ಆ ಬೇಡಿಕೆಯಿಂದಲೇ ನಮ್ಮ ಈಗಿನ ದಾರಿ ಹುಟ್ಟಿತು.

ಆ ದಾರಿ ಹೀಗಿದೆ. ಮೊದಲ ಮೂರು ರಾತ್ರಿ ಪ್ಯಾರಿಸ್‌ನಲ್ಲಿ, ಕಾರಿಲ್ಲದೆ. ಪ್ಯಾರಿಸ್‌ನೊಳಗೆ ಕಾರು ಹೊರೆಯೇ ಹೊರತು ಅನುಕೂಲವಲ್ಲ. 2021ರಿಂದ ಊರಿನ ಬಹುತೇಕ ಬೀದಿಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿ.ಮೀ., ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಮೆಟ್ರೋ ಎಲ್ಲ ಕಡೆಗೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಡೀ ರಾತ್ರಿ ವಿಮಾನದಲ್ಲಿ ಕುಳಿತು ಬಂದ ಬೆಳಿಗ್ಗೆಯೇ, ರಸ್ತೆಯ ಬಲಬದಿಯಲ್ಲಿ, ಎಡಗಡೆ ಸ್ಟೀರಿಂಗ್ ಇರುವ ಕಾರನ್ನು ಜೀವನದಲ್ಲಿ ಮೊದಲ ಬಾರಿಗೆ ಓಡಿಸುವ ಧೈರ್ಯ ನನಗೂ ಇಲ್ಲ, ಇರಲೂಬಾರದು. ನಾಲ್ಕನೆಯ ದಿನ ಮೋಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲು ಹತ್ತಿದರೆ ಒಂದು ಗಂಟೆಯ ಆಸುಪಾಸಿನಲ್ಲಿ ಟೂರ್ ನಗರದ ಪಕ್ಕದ ಸೇಂ ಪಿಯೆರ್ ದೆ ಕೋರ್ ನಿಲ್ದಾಣ ಬರುತ್ತದೆ. ಕಾರು ಅಲ್ಲಿಂದ. ಸಣ್ಣ ಊರುಗಳ ಬಾಡಿಗೆ ಕೌಂಟರುಗಳು ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುವುದೂ ಭಾನುವಾರ ತೆರೆಯದಿರುವುದೂ ಸಾಮಾನ್ಯವಾದ್ದರಿಂದ ವಾರದ ದಿನದ ಬೆಳಗಿನ ರೈಲನ್ನೇ ಆರಿಸಿದ್ದೇವೆ.

ಅಲ್ಲಿಂದ ಅರ್ಧ ಗಂಟೆಯ ಹಾದಿಯ ಆಂಬ್ವಾಜ್ ಊರಿನಲ್ಲಿ ನಾಲ್ಕು ರಾತ್ರಿ. ಫ್ರಾನ್ಸಿನ ಅತಿ ಉದ್ದದ ನದಿಯಾದ, ಸಾವಿರ ಕಿಲೋಮೀಟರಿಗೂ ಮಿಕ್ಕಿ ಹರಿಯುವ ಲ್ವಾರ್ ನದಿಯ ದಂಡೆಯ ಊರು ಅದು. ದೊರೆ ಮೊದಲನೆಯ ಫ್ರಾನ್ಸ್ವಾನ ಆಹ್ವಾನದ ಮೇಲೆ 1516ರಲ್ಲಿ ಬಂದ ಲಿಯೊನಾರ್ಡೊ ಡ ವಿಂಚಿ ತನ್ನ ಕೊನೆಯ ವರ್ಷಗಳನ್ನು ಕಳೆದು, 1519ರ ಮೇ 2ರಂದು ತೀರಿಕೊಂಡದ್ದು ಅಲ್ಲಿಯ ಕ್ಲೋ ಲ್ಯುಸೆ ಎಂಬ ಮನೆಯಲ್ಲಿ. ಅವನ ಯಂತ್ರಗಳ ಮಾದರಿಗಳು ಅಲ್ಲಿವೆ ಎಂದು ತಿಳಿದಾಗಿನಿಂದ ಮಗನಿಗೆ ಬೇರೆ ಯಾವ ಊರಿನ ಹೆಸರೂ ಕಿವಿಗೆ ಬೀಳುತ್ತಿಲ್ಲ. ಅದೇ 1519ರಲ್ಲಿ ಕಟ್ಟಲು ತೊಡಗಿದ ಶಾಂಬೋರ್ ಅರಮನೆಯಲ್ಲಿ ಒಂದರೊಳಗೊಂದು ಸುತ್ತಿಕೊಂಡು ಮೇಲೇರುವ ಜೋಡಿ ಮೆಟ್ಟಿಲುಗಳಿವೆ, ಒಂದರಲ್ಲಿ ಹತ್ತುವವರಿಗೂ ಇನ್ನೊಂದರಲ್ಲಿ ಇಳಿಯುವವರಿಗೂ ಎದುರು ಬದುರಾಗುವುದಿಲ್ಲ. ಶೆರ್ ನದಿಯ ಮೇಲೆಯೇ ಕಮಾನು ಹಾಕಿ ಕಟ್ಟಿದ ಶೆನೋನ್ಸೋ ಅರಮನೆ ಹತ್ತಿರದಲ್ಲೇ ಇದೆ. ಅರಮನೆಗಳ ಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದವು. ನಾವು ಮೂರಕ್ಕೆ ನಿಲ್ಲಿಸಿದ್ದೇವೆ. ಈ ನಾಲ್ಕು ದಿನಗಳಿಗೆ ಇನ್ನೊಂದು ಉದ್ದೇಶವೂ ಇದೆ. ಹಳ್ಳಿಯ ರಸ್ತೆಗಳಲ್ಲಿ ದಿನಕ್ಕೆ ಮೂವತ್ತು, ನಲವತ್ತು ಕಿಲೋಮೀಟರ್ ಓಡಿಸಿ, ಬಲಬದಿ ನನ್ನ ಕೈಕಾಲುಗಳಿಗೆ ರೂಢಿಯಾದ ಮೇಲೆಯೇ ಹೆದ್ದಾರಿ ಹತ್ತುವುದು.

ಆಮೇಲೆ ಸುಮಾರು 300 ಕಿ.ಮೀ. ದೂರದ ಕ್ಲೆರ್ಮಾಂ ಫೆರಾಂ ಕಡೆಗೆ ಹೋಗುತ್ತೇವೆ. ಅಲ್ಲಿ ಮಗಳ ಬೆಂಕಿಬೆಟ್ಟಗಳಿವೆ, ಸಾಲಾಗಿ ನಿಂತ, ಹುಲ್ಲು ಬೆಳೆದ, ಈಗ ಶಾಂತವಾಗಿರುವ ಜ್ವಾಲಾಮುಖಿಗಳು. 2018ರಲ್ಲಿ ಅವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ದೇವರಾಯನದುರ್ಗ, ಮಧುಗಿರಿಯ ಬಂಡೆ ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಅಲ್ಲಿಯ ಕಡೆಯ ಸ್ಫೋಟಗಳಾಗಿ ಸುಮಾರು 7,000 ವರ್ಷವಷ್ಟೇ ಆಗಿದೆ. ಹುಟ್ಟಿದಂದಿನಿಂದ ಭೂಮಿಯ ಅತಿ ಹಳೆಯ ಕಲ್ಲುಗಳ ನಡುವೆ ಬೆಳೆದ ಹುಡುಗಿಯೊಬ್ಬಳು ಅಷ್ಟು ಎಳೆಯ ಬೆಟ್ಟಗಳನ್ನು ನೋಡಲು ಬಯಸಿದರೆ ಅದಕ್ಕಾಗಿ ದಾರಿ ತಿರುಗಿಸುವುದು ನ್ಯಾಯವೆಂದೇ ನನಗೆ ತೋರಿತು. ಅವುಗಳಲ್ಲಿ ದೊಡ್ಡದಾದ 1,465 ಮೀಟರಿನ ಪ್ಯುಯಿ ದ ದೋಮ್ ಬೆಟ್ಟದ ತುದಿಗೆ ಪ್ರವಾಸಿಗರ ಕಾರು ಬಿಡುವುದಿಲ್ಲ, ಆದರೆ 2012ರಿಂದ ಹಲ್ಲುಹಳಿಯ ಪುಟ್ಟ ರೈಲು ಓಡುತ್ತಿದೆ. ಕಾಲು ಗಂಟೆಯಲ್ಲಿ ಮೇಲೆ ಮುಟ್ಟಿಸುತ್ತದೆ. ಅತ್ತೆಯವರ ಮಂಡಿಯನ್ನು ನೆನೆದು ಮೊದಲು ಖಚಿತಪಡಿಸಿಕೊಂಡದ್ದು ಇದನ್ನೇ.

ಮೂರು ರಾತ್ರಿ ಅಲ್ಲಿ ಕಳೆದು ಎ75 ಹೆದ್ದಾರಿ ಹಿಡಿದು ದಕ್ಷಿಣಕ್ಕೆ. ಫ್ರಾನ್ಸಿನ ಹೆದ್ದಾರಿಗಳಲ್ಲಿ ಬಹುಪಾಲಿಗೆ ಸುಂಕವಿದೆ, ಆದರೆ ಈ ಹೆದ್ದಾರಿಯಲ್ಲಿ ಮಿಯೋ ಸೇತುವೆಯೊಂದನ್ನು ಬಿಟ್ಟರೆ ಸುಂಕವಿಲ್ಲ. ತಾರ್ ನದಿಯ ಕಣಿವೆಯನ್ನು ದಾಟಿಸುವ, 2,460 ಮೀಟರ್ ಉದ್ದದ, ಅತಿ ಎತ್ತರದ ಕಂಬದ ತುದಿ ನದಿಯಿಂದ 343 ಮೀಟರ್ ಮೇಲಿರುವ ಆ ಸೇತುವೆ 2004ರ ಡಿಸೆಂಬರಿನಲ್ಲಿ ತೆರೆಯಿತು. ಮಿಶೆಲ್ ವಿರ್ಲೊಜೊ ಎಂಬ ಎಂಜಿನಿಯರ್ ಮತ್ತು ನಾರ್ಮನ್ ಫಾಸ್ಟರ್ ಎಂಬ ವಾಸ್ತುಶಿಲ್ಪಿ ಅದನ್ನು ರೂಪಿಸಿದರು. ದಾಟಿ ಹೋಗುವಾಗ ಒಳಗಿನವರಿಗೆ ಅದರ ಎತ್ತರ ತಿಳಿಯುವುದಿಲ್ಲ. ಅದಕ್ಕಾಗಿ ಹೆದ್ದಾರಿಯ ಪಕ್ಕದಲ್ಲೇ ತಂಗುದಾಣವಿದ್ದು ಅಲ್ಲಿಂದ ನೋಡಬಹುದು. ಮಿಯೋ ಊರಿನಲ್ಲಿ ಎರಡು ರಾತ್ರಿ. ಒಂದೇ ಉಸಿರಿಗೆ ಕಡಲಿನ ಕಡೆಗೆ ಇಳಿದುಬಿಡಬಹುದಿತ್ತು, ಆದರೆ ಒಂದೇ ದಿನಕ್ಕೆ ಹಾದಿ ಉದ್ದವಾಗುತ್ತದೆ, ನೋಟ್‌ಬುಕ್ ಒಪ್ಪುವುದಿಲ್ಲ.

ಕೊನೆಯ ನಾಲ್ಕು ರಾತ್ರಿ ಉಝೆಸ್ ಎಂಬ ಸಣ್ಣ ಊರಿನಲ್ಲಿ. ಇದು ನಮ್ಮ ಯಜಮಾನರ ಒಂದೇ ಒಂದು ಕೋರಿಕೆಗಾಗಿ. ಅವರು ಪ್ಯಾರಿಸ್ಸನ್ನೂ ಕೇಳಲಿಲ್ಲ, ಅರಮನೆಯನ್ನೂ ಕೇಳಲಿಲ್ಲ. ರೋಮನ್ನರು ನೀರು ಸಾಗಿಸಲು ಕಟ್ಟಿದ ಪೋಂ ದ್ಯು ಗಾರ್ ಸೇತುವೆಯನ್ನು ಕಣ್ಣಿಂದ ನೋಡಬೇಕು ಎಂದರು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಉಝೆಸ್ ಬಳಿಯ ಬುಗ್ಗೆಗಳಿಂದ ನೀಮ್ ನಗರಕ್ಕೆ ಸುಮಾರು 50 ಕಿ.ಮೀ. ಕಾಲುವೆಯಲ್ಲಿ ನೀರು ಹರಿಸಿದಾಗ, ಈ ತುದಿಗೂ ಆ ತುದಿಗೂ ಇದ್ದ ಇಳಿಜಾರು ಹನ್ನೆರಡು ಹದಿಮೂರು ಮೀಟರ್ ಮಾತ್ರ. ಎಂದರೆ ಕಿಲೋಮೀಟರಿಗೆ ಸರಾಸರಿ ಒಂದು ಗೇಣಿನಷ್ಟು. ದಾರಿಯಲ್ಲಿ ಅಡ್ಡ ಬಂದ ಗಾರ್ದೋನ್ ನದಿಯನ್ನು ದಾಟಿಸಲು ಮೂರು ಅಂತಸ್ತಿನ ಕಮಾನುಗಳನ್ನು ಸುಮಾರು 49 ಮೀಟರ್ ಎತ್ತರಕ್ಕೆ ಕಟ್ಟಿದರು. ಗೊರೂರಿನ ಅಣೆಕಟ್ಟೆಯಿಂದ ಹೇಮಾವತಿ ನೀರು ನಾಲೆಯಲ್ಲಿ ಹರಿದು ಬಂದು ಬುಗುಡನಹಳ್ಳಿ ಕೆರೆ ಸೇರಿದರೆ ತುಮಕೂರಿನ ನಲ್ಲಿಯಲ್ಲಿ ನೀರು. ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂದು ಪತ್ರಿಕೆ ತೆರೆದು ನೋಡುತ್ತಲೇ ಅರ್ಧ ಆಯುಷ್ಯ ಕಳೆದ ತೋಟದವರಿಗೆ, ಎರಡು ಸಾವಿರ ವರ್ಷದ ಹಿಂದೆ ಗೇಣಿನ ಲೆಕ್ಕದಲ್ಲಿ ನೀರಿಗೆ ದಾರಿ ಮಾಡಿದವರ ಕೆಲಸದ ಬೆಲೆ ಬೇರೆಯವರಿಗಿಂತ ಹೆಚ್ಚು ಗೊತ್ತಾಗುತ್ತದೆ. ಅಲ್ಲಿ ಅವರಿಗೆ ಅರ್ಧ ದಿನವಲ್ಲ, ಒಂದು ಪೂರ್ತಿ ದಿನ ಬಿಟ್ಟಿದ್ದೇನೆ. ಕೊನೆಗೆ ಉಝೆಸ್‌ನಿಂದ ಒಂದು ಗಂಟೆಯೊಳಗಿನ ಅವಿನ್ಯೋಂ ಟಿಜಿವಿ ನಿಲ್ದಾಣದಲ್ಲಿ ಕಾರು ಒಪ್ಪಿಸಿ, ರೈಲಿನಲ್ಲಿ ನೇರವಾಗಿ ಪ್ಯಾರಿಸ್‌ನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣಕ್ಕೆ. ಒಂದೂರಿನಲ್ಲಿ ಪಡೆದು ಇನ್ನೊಂದೂರಿನಲ್ಲಿ ಒಪ್ಪಿಸುವುದಕ್ಕೆ ಹೆಚ್ಚಿನ ಶುಲ್ಕವಿದೆ. ಆದರೂ ವಾಪಸು ಓಡಿಸುವ ಎರಡು ದಿನ, ಇಂಧನ, ಸುಂಕ, ದಣಿವು ಇವನ್ನೆಲ್ಲ ಕೂಡಿಸಿದಾಗ ಅದೇ ಕಡಿಮೆಯಾಯಿತು. ಒಟ್ಟು ಹದಿನಾರು ರಾತ್ರಿ, ಊರೊಳಗಿನ ಓಡಾಟ ಸೇರಿ 1,200 ಕಿ.ಮೀ. ಒಳಗೆ.

ಇನ್ನು ಕಾರಿನ ವಿಷಯ. ಗೇರ್ ಬದಲಾಯಿಸುವ ಕಾರನ್ನೇ ಅಲ್ಲಿ ಸಾಮಾನ್ಯವಾಗಿ ಕೊಡುತ್ತಾರೆ, ಆಟೋಮ್ಯಾಟಿಕ್ ಬೇಕೆಂದರೆ ಮುಂಚಿತವಾಗಿ ಹೇಳಬೇಕು, ಬಾಡಿಗೆ ಹೆಚ್ಚು. ಅದಕ್ಕೆ ಹಣ ಕೊಡುವುದೇ ಸರಿ ಎಂದು ನಾನು ಹಟ ಹಿಡಿದೆ, ಏಕೆಂದರೆ ಇಪ್ಪತ್ತು ವರ್ಷ ಎಡಗೈಯಲ್ಲಿ ಗೇರ್ ಹಾಕಿದ ಕೈ ಗಾಬರಿಯಾದಾಗ ಬಾಗಿಲಿನ ಹಿಡಿಯನ್ನೇ ಹುಡುಕುತ್ತದೆ. ಐದು ಸೀಟಿನ ಕಾರಿನಲ್ಲಿ ಐದು ಜನರ ಸಾಮಾನು ಹಿಡಿಸುವುದಿಲ್ಲವಾದ್ದರಿಂದ ಏಳು ಸೀಟಿನ ಕಾರು ಪಡೆದು ಹಿಂದಿನ ಸಾಲನ್ನು ಮಡಚಿಡುತ್ತೇವೆ. ಹತ್ತು ವರ್ಷದೊಳಗಿನ ಮಕ್ಕಳನ್ನು ಹಿಂದಿನ ಸೀಟಿನಲ್ಲಿ, ಅವರ ಅಳತೆಗೆ ತಕ್ಕ ಮಕ್ಕಳ ಆಸನದಲ್ಲಿಯೇ ಕೂರಿಸಬೇಕೆಂಬುದು ಅಲ್ಲಿಯ ಕಾನೂನು. ಮಗನಿಗೆ ಎತ್ತರದ ಮಣೆಯಂಥ ಬೂಸ್ಟರ್ ಸೀಟನ್ನು ಕಾರಿನ ಜೊತೆಗೇ ಕಾಯ್ದಿರಿಸಿದ್ದೇವೆ. ಹೊಳೆಯುವ ಜಾಕೆಟ್ ಮತ್ತು ಎಚ್ಚರಿಕೆಯ ತ್ರಿಕೋನ ಕಾರಿನಲ್ಲಿ ಇರಲೇಬೇಕು. ಜಾಕೆಟ್ ಡಿಕ್ಕಿಯಲ್ಲಿದ್ದರೆ ಸಾಲದು, ಕೈಗೆಟಕುವಂತಿರಬೇಕು, ಏಕೆಂದರೆ ಕಾರು ಕೆಟ್ಟು ನಿಂತಾಗ ಅದನ್ನು ಹಾಕಿಕೊಂಡೇ ಇಳಿಯಬೇಕು.

ಇಂಧನದ ಹೆಸರನ್ನು ಮನೆಯವರೆಲ್ಲರಿಂದ ಬಾಯಿಪಾಠ ಮಾಡಿಸಿದ್ದೇನೆ. ಅಲ್ಲಿಯ ಬಂಕಿನಲ್ಲಿ 'ಗಝೋಲ್' ಎಂದು ಬರೆದಿದ್ದರೆ ಅದು ಡೀಸೆಲ್. ಸಿನಿಮಾಗಳಲ್ಲಿ ಪೆಟ್ರೋಲಿಗೆ ಗ್ಯಾಸ್, ಗ್ಯಾಸೊಲಿನ್ ಎನ್ನುವುದನ್ನು ಕೇಳಿದವರು ಇದನ್ನು ಪೆಟ್ರೋಲ್ ಎಂದುಕೊಳ್ಳುವುದು ಸುಲಭ. ತಪ್ಪಿ ತುಂಬಿಸಿದರೆ ಎಂಜಿನ್ನಿಗೆ ಕುತ್ತು. ಪೆಟ್ರೋಲಿನ ಪಂಪಿನ ಮೇಲೆ ಎಸ್‌ಪಿ95, ಎಸ್‌ಪಿ98 ಎಂದಿರುತ್ತದೆ. ನಮ್ಮಲ್ಲಿಯಂತೆ ತುಂಬಿಸುವ ಹುಡುಗರು ಅಲ್ಲಿಲ್ಲ, ನಾವೇ ಇಳಿದು ತುಂಬಿಸಬೇಕು. ಹೆದ್ದಾರಿಯ ಬಂಕುಗಳಿಗಿಂತ ಸೂಪರ್ ಮಾರ್ಕೆಟ್ಟುಗಳ ಬಂಕುಗಳಲ್ಲಿ ಬೆಲೆ ಕಡಿಮೆ. ರಾತ್ರಿ, ಭಾನುವಾರ ಅವು ಕಾರ್ಡ್ ಯಂತ್ರದಲ್ಲಿ ನಡೆಯುತ್ತವೆ. ಆ ಯಂತ್ರ ಮೊದಲು ಒಂದು ದೊಡ್ಡ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿದು ಆಮೇಲೆ ಬಿಡುಗಡೆ ಮಾಡುವುದರಿಂದ ಕಾರ್ಡಿನ ಮಿತಿಯನ್ನು ಹೆಚ್ಚಿಸಿಕೊಂಡು, ಹೊರದೇಶದ ಬಳಕೆಗೆ ತೆರೆಸಿಕೊಂಡು ಹೋಗಬೇಕು.

ರಸ್ತೆಯ ನಿಯಮಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ: ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಊರೊಳಗೆ ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ, ಬಲಗಡೆಯ ಸಣ್ಣ ಓಣಿಯಿಂದ ಬಂದ ಕಾರಿಗೂ ದೊಡ್ಡ ರಸ್ತೆಯಲ್ಲಿರುವ ನಾವು ದಾರಿ ಬಿಡಬೇಕು. ಬಿ.ಎಚ್. ರಸ್ತೆಯಲ್ಲಿ ಓಡಿಸಿ ಬೆಳೆದವರಿಗೆ, ಅಡ್ಡರಸ್ತೆಯವರು ಕಾಯುತ್ತಾರೆ ಎಂಬುದು ರಕ್ತದಲ್ಲೇ ಸೇರಿರುತ್ತದೆ. ಹಳದಿ ವಜ್ರಾಕಾರದ ಫಲಕ ಕಂಡರೆ ನಾವು ಹೋಗುತ್ತಿರುವ ರಸ್ತೆಗೇ ಹಕ್ಕು; ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಕೆಂಪು ಅಂಚಿನ ತ್ರಿಕೋನದಲ್ಲಿ ಗುಣಿಸುವ ಚಿಹ್ನೆ ಇದ್ದರೆ ಮುಂದಿನ ಕೂಡಿನಲ್ಲಿ ಬಲದವರದು. ವೃತ್ತಗಳಲ್ಲಿ ಮಾತ್ರ ಒಳಗೆ ಸುತ್ತುತ್ತಿರುವವರಿಗೆ ಹಕ್ಕು, ಸುತ್ತುವುದು ನಮ್ಮದಕ್ಕೆ ವಿರುದ್ಧ ದಿಕ್ಕಿನಲ್ಲಿ. ದಾರಿ ತಪ್ಪಿದರೆ ಇನ್ನೊಂದು ಸುತ್ತು ಹಾಕಿದರಾಯಿತು. ಹೆದ್ದಾರಿಯ 130ರ ಮಿತಿ ಮಳೆಯಲ್ಲಿ 110ಕ್ಕೆ ಇಳಿಯುತ್ತದೆ, ಹಳ್ಳಿಯ ರಸ್ತೆಯಲ್ಲಿ ಸಾಮಾನ್ಯವಾಗಿ 80, ಊರೊಳಗೆ 50 ಅಥವಾ 30. ಮಿತಿ ಮೀರಿದರೆ ರಸ್ತೆಬದಿಯ ಕ್ಯಾಮೆರಾ ಹಿಡಿಯುತ್ತದೆ, ದಂಡದ ಜೊತೆಗೆ ಬಾಡಿಗೆ ಸಂಸ್ಥೆ ತನ್ನ ಶುಲ್ಕವನ್ನೂ ಕಾರ್ಡಿನಿಂದ ಕಳೆದುಕೊಳ್ಳುತ್ತದೆ. ಪಕ್ಕದಲ್ಲಿ ಕೂರುವ ಮಗಳ ಕೆಲಸ ಫಲಕ ಓದಿ ಗಟ್ಟಿಯಾಗಿ ಹೇಳುವುದು. ಈಗಿನಿಂದಲೇ ಸಿದ್ಧಗಂಗೆಗೆ ಹೋಗುವಾಗಲೂ ಅಭ್ಯಾಸ ಮಾಡುತ್ತಿದ್ದಾಳೆ.

ಕಾಗದಪತ್ರದ ವಿಷಯದಲ್ಲಿ ಕ್ರಮ ಮುಖ್ಯ. ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ ಹದಿನೈದು ದಿನ ಮೊದಲು ಹಾಕಿರಲೇಬೇಕು. ಶುಲ್ಕ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೊ; ಅರ್ಜಿ ಸ್ವೀಕರಿಸುವ ಬೆಂಗಳೂರಿನ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅತ್ತೆಯವರ ವಯಸ್ಸಿಗೆ ಅದು ದುಬಾರಿಯಾಯಿತು, ಆದರೆ ಅವರ ರಕ್ತದೊತ್ತಡವನ್ನು ಮುಚ್ಚಿಡದೆ ಬರೆಸಿಯೇ ಕೊಂಡೆವು. ಇದಲ್ಲದೆ ಆರ್‌ಟಿಒ ಕಚೇರಿಗೆ 4ಎ ನಮೂನೆ ಮತ್ತು 1,000 ರೂಪಾಯಿ ಕೊಟ್ಟು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು. ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸನ್ನು ಜೊತೆಗೆ ಒಯ್ಯದಿದ್ದರೆ ಅದಕ್ಕೆ ಬೆಲೆಯಿಲ್ಲ. ನಾವಿಬ್ಬರೂ ಮಾಡಿಸುತ್ತೇವೆ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಓಡಿಸಬೇಕಲ್ಲವೇ.

ಉಳಿದುಕೊಳ್ಳಲು ಹೋಟೆಲಿಗಿಂತ, ಜೀತ್ ಎಂದು ಅವರು ಕರೆಯುವ, ಅಡುಗೆಮನೆಯಿರುವ ಹಳ್ಳಿಯ ಬಾಡಿಗೆ ಮನೆಗಳನ್ನೇ ಆರಿಸಿದ್ದೇವೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ. 'ರೆ ದ ಶೋಸೆ' ಎಂದಿದ್ದರೆ ನೆಲಮಾಳಿಗೆಯಲ್ಲ, ನೆಲಮಟ್ಟದ ಮನೆ ಎಂದು ಅರ್ಥ. ಆ ಪದವಿಲ್ಲದ ಮನೆಗಳನ್ನು ನೋಡಲೇ ಇಲ್ಲ. ಅಡುಗೆಮನೆ ಬೇಕಾದದ್ದು ಉಳಿತಾಯಕ್ಕಿಂತ ಹೆಚ್ಚಾಗಿ ಅತ್ತೆಯವರ ಊಟಕ್ಕೆ. ಅವರು ಮೊಟ್ಟೆ ಮುಟ್ಟುವುದಿಲ್ಲ. ಸಣ್ಣ ಊರುಗಳ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ ಮಾತ್ರ, ರಾತ್ರಿಯದು ಏಳರ ಮೇಲೆ. ತರಕಾರಿ ಸಲಾಡಿನಲ್ಲಿಯೂ ಹಂದಿಮಾಂಸದ ಚೂರುಗಳಿರಬಹುದು. ಅನೇಕ ಸಾಂಪ್ರದಾಯಿಕ ಚೀಸ್‌ಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಆದರೆ ಅಕ್ಕಿ, ಮೊಸರು, ತರಕಾರಿ ಎಲ್ಲೆಡೆ ಸಿಗುತ್ತವೆ, ಊರೂರಿಗೂ ವಾರದ ಸಂತೆಯಿದೆ; ಉಝೆಸ್‌ನ ಸಂತೆ ಬುಧವಾರ ಮತ್ತು ಶನಿವಾರ. ನಮ್ಮ ಬೆಂಕಿಬೆಟ್ಟಗಳ ಸೀಮೆಯ ಪಕ್ಕದಲ್ಲೇ ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆಯುವ ಲ ಪ್ಯುಯಿಯ ಹಸಿರು ಮಸೂರ ಬೇಳೆ ಬಹು ಹೆಸರಾದದ್ದು, 1996ರಲ್ಲಿ ಮೂಲಸ್ಥಾನದ ಮಾನ್ಯತೆ ಪಡೆದದ್ದು; ಅದರ ಸಾರು ಮಾಡಿ ನೋಡುವ ಕುತೂಹಲ ಅತ್ತೆಯವರಿಗೆ ಈಗಾಗಲೇ ಹುಟ್ಟಿದೆ.

ಇಲ್ಲಿಂದ ಒಯ್ಯುವುದರಲ್ಲಿಯೂ ಲೆಕ್ಕವಿದೆ. ಯುರೋಪ್ ಒಕ್ಕೂಟದೊಳಗೆ ಹೊರಗಿನ ಪ್ರವಾಸಿಗರು ಹಾಲಿನ ಪದಾರ್ಥ ತರುವಂತಿಲ್ಲ. ಮನೆಯ ತುಪ್ಪ, ಪೇಡ ಎರಡೂ ಇಲ್ಲಿಯೇ ಉಳಿಯಬೇಕು. ಹಸಿ ಕರಿಬೇವೂ ಬೇಡ. ತುಪ್ಪವಿಲ್ಲದೆ ಹದಿನೇಳು ದಿನವೇ ಎಂದು ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಲ್ಲಿಯ ಬೆಣ್ಣೆ ಕೊಂಡು ಕಾಯಿಸಿಕೊಂಡರಾಯಿತು ಎಂಬ ಪರಿಹಾರವನ್ನೂ ಅವರೇ ಹೇಳಿದರು. ಚಟ್ನಿಪುಡಿ, ಸಾರಿನ ಪುಡಿ, ರಾಗಿಹಿಟ್ಟು, ಹುರಿಹಿಟ್ಟು ಚೀಲ ಸೇರುತ್ತವೆ. ಹೆದ್ದಾರಿಯ ತಂಗುದಾಣಗಳಲ್ಲಿ ಮರದ ಮೇಜು, ಬೆಂಚು, ಹುಲ್ಲು, ಹಣ ಕೇಳದ ಶೌಚಾಲಯ ಇರುತ್ತವೆ ಎಂದು ತೋರಿಸಿದಾಗ, ಬೆಲ್ಲದ ನೀರಿನಲ್ಲಿ ಹುರಿಹಿಟ್ಟು ಕಲಸಿಕೊಂಡರೆ ಯಾವ ಹೋಟೆಲೂ ಬೇಡ ಎಂದರು. ಅವರು ಅಂದು ಕೇಳಿದ ಪ್ರಶ್ನೆಗೆ ಆ ಬೆಂಚುಗಳ ಚಿತ್ರ ತೋರಿಸಿ ಈಗ ಉತ್ತರ ಕೊಡಬಲ್ಲೆ.

ಉಝೆಸ್‌ನ ಕೊನೆಯ ಎರಡು ದಿನಗಳ ಮುಂದೆ ಹಾಳೆಯಲ್ಲಿ ಏನೂ ಬರೆದಿಲ್ಲ. ಹತ್ತಿರದಲ್ಲೇ ಮಾರ್ಸೇಯ್ ಇದೆಯಲ್ಲ, ಸೇರಿಸಬಹುದಲ್ಲ ಎಂದು ನಮ್ಮ ಯಜಮಾನರು ಎರಡು ಬಾರಿ ಕೇಳಿದ್ದಾರೆ, ನಾನು ಸೇರಿಸಿಲ್ಲ. ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡುವ ದಿನ ಮುಂದಿನ ವಾರ ಇದೆ. ಮಗನಿಗೆ ಹನ್ನೆರಡು ತುಂಬಿಲ್ಲದ್ದರಿಂದ ಅವನ ಬೆರಳಚ್ಚು ಬೇಕಿಲ್ಲ, ಆದರೂ ಬರುತ್ತೇನೆ ಎನ್ನುತ್ತಿದ್ದಾನೆ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುತ್ತೇವೆಂದು ಅವನಿಗೆ ಗೊತ್ತು. ಹುರಿಹಿಟ್ಟಿನ ರಾಗಿಯನ್ನು ಹೊರಡುವ ವಾರದಲ್ಲಿಯೇ ಹುರಿಯಬೇಕು, ಮೊದಲೇ ಹುರಿದಿಟ್ಟರೆ ಘಮ ಹೋಗುತ್ತದೆ ಎಂದು ಅತ್ತೆಯವರು ಹೊಸ ಕ್ಯಾಲೆಂಡರಿನ ಏಪ್ರಿಲ್ ಪುಟದಲ್ಲಿ ನನ್ನಿಂದ ಒಂದು ಗುರುತು ಹಾಕಿಸಿದ್ದಾರೆ.